ಲಂಡನ್ನಿನಿಂದ ಪ್ಯಾರಿಸ್ಸಿಗೆ: ದೂರವೆಷ್ಟು, ಹೊತ್ತೆಷ್ಟು?

ಒಂದು ಊರಿನಿಂದ ಮತ್ತೊಂದು ಊರಿಗೆ ಎಷ್ಟು ದೂರ ಎಂದು ಕೇಳಿದರೆ ನಮ್ಮ ಹಿರಿಯರು ಹರದಾರಿ, ಗಾವುದಗಳ ಲೆಕ್ಕದಲ್ಲಿ ಉತ್ತರ ಹೇಳುತ್ತಿದ್ದರು. ಇನ್ನು ಕೆಲವರು ‘ಹೊತ್ತು ಹುಟ್ಟುವ ಮುನ್ನ ಹೊರಟರೆ ಮಧ್ಯಾಹ್ನದ ಊಟಕ್ಕೆ ಸೇರಬಹುದು’ ಎನ್ನುತ್ತಿದ್ದರು. ಕೇಳಿದ್ದು ದೂರವನ್ನು, ಹೇಳಿದ್ದು ಹೊತ್ತನ್ನು. ಆದರೂ ಕೇಳಿದವನಿಗೆ ಬೇಕಾದ ಉತ್ತರ ದೊರೆಯುತ್ತಿತ್ತು. ನಡೆಯುವವನ ವೇಗವು ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ದೂರಕ್ಕೂ ಹೊತ್ತಿಗೂ ನೇರವಾದ ಸಂಬಂಧವಿತ್ತು. ವಿಮಾನದ ಕಾಲದಲ್ಲಿ ಈ ಸಂಬಂಧವು ಅಷ್ಟು ನೇರವಾಗಿ ಉಳಿದಿಲ್ಲ. ಯೂರೋಪಿನ ಎರಡು ಪ್ರಸಿದ್ಧ ರಾಜಧಾನಿಗಳಾದ ಲಂಡನ್ ಮತ್ತು ಪ್ಯಾರಿಸ್‌ಗಳ ನಡುವಿನ ಪ್ರಯಾಣವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಭೂಗೋಲದ ಮೇಲೆ ಈ ಎರಡು ನಗರಗಳನ್ನು ಗುರುತಿಸಿ, ಅವುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಆ ದಾರವು ಅತಿ ಚಿಕ್ಕ ದಾರಿಯನ್ನು ತೋರಿಸುತ್ತದೆ. ಈ ದಾರಿಯನ್ನು ಮಹಾವೃತ್ತದ ಒಂದು ಭಾಗವೆಂದು ಕರೆಯುತ್ತಾರೆ. ಅದರ ಉದ್ದ ಸುಮಾರು 344 ಕಿಲೋಮೀಟರು. ವೈಮಾನಿಕರು ಮತ್ತು ನಾವಿಕರು ಕಿಲೋಮೀಟರಿಗೆ ಬದಲಾಗಿ ನಾವಿಕ ಮೈಲಿಯನ್ನು ಬಳಸುತ್ತಾರೆ. ಒಂದು ನಾವಿಕ ಮೈಲಿ ಎಂದರೆ 1.852 ಕಿಲೋಮೀಟರು, ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಅದು ಹೆಚ್ಚುಕಡಿಮೆ ಸಮ. ಅವರ ಲೆಕ್ಕದಲ್ಲಿ ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವೆ ಇರುವುದು 186 ನಾವಿಕ ಮೈಲಿ.

ದೂರವು ತಿಳಿದ ಮೇಲೆ ಹೊತ್ತನ್ನು ಕಂಡುಹಿಡಿಯುವುದು ಸುಲಭವೆಂದು ತೋರುತ್ತದೆ. ಇಂದಿನ ಜೆಟ್ ವಿಮಾನವು ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರಬಲ್ಲದು. 344ನ್ನು 830ರಿಂದ ಭಾಗಿಸಿದರೆ ಇಪ್ಪತ್ತೈದು ನಿಮಿಷ ಬರುತ್ತದೆ. ಆದರೆ ವಿಮಾನದ ವೇಳಾಪಟ್ಟಿಯನ್ನು ತೆರೆದು ನೋಡಿದರೆ ಇಪ್ಪತ್ತೈದು ನಿಮಿಷದ ಮಾತೇ ಅಲ್ಲಿಲ್ಲ. ಲಂಡನ್ನಿನಿಂದ ಬೆಳಗ್ಗೆ 10 ಗಂಟೆಗೆ ಹೊರಡುವ ವಿಮಾನವು 12 ಗಂಟೆ 20 ನಿಮಿಷಕ್ಕೆ ಪ್ಯಾರಿಸ್ಸನ್ನು ತಲಪುತ್ತದೆ ಎಂದು ಬರೆದಿರಬಹುದು. ಅದೇ ವಿಮಾನವು ಮಧ್ಯಾಹ್ನ 2 ಗಂಟೆಗೆ ಪ್ಯಾರಿಸ್ಸನ್ನು ಬಿಟ್ಟು 2 ಗಂಟೆ 20 ನಿಮಿಷಕ್ಕೆ ಲಂಡನ್ನಿನಲ್ಲಿಳಿಯುತ್ತದೆ ಎಂದೂ ಬರೆದಿರಬಹುದು. ಹೋಗುವಾಗ ಎರಡು ಗಂಟೆ ಇಪ್ಪತ್ತು ನಿಮಿಷ, ಬರುವಾಗ ಬರಿಯ ಇಪ್ಪತ್ತು ನಿಮಿಷ! ಗಣಿತವು ಹೇಳುವುದೊಂದು, ಪಟ್ಟಿಯು ಹೇಳುವುದು ಎರಡು ಬಗೆ. ಈ ಮೂರರಲ್ಲಿ ಯಾವುದು ನಿಜ? ಉತ್ತರವನ್ನು ಅರಸುವ ಮೊದಲು ಈ ದಾರಿಯು ಹೇಗೆ ತೆರೆಯಿತೆಂಬುದನ್ನು ತಿಳಿಯುವುದು ಒಳ್ಳೆಯದು. ಏಕೆಂದರೆ ಇಂದು ಆಗುವ ವಿಳಂಬಗಳಲ್ಲಿ ಕೆಲವಕ್ಕೆ ಕಾರಣವು ಆ ಚರಿತ್ರೆಯಲ್ಲಿಯೇ ಇದೆ.

ಎರಡು ನಗರಗಳನ್ನು ಬೇರ್ಪಡಿಸಿರುವುದು ಇಂಗ್ಲಿಷ್ ಕಡಲ್ಗಾಲುವೆ. ಡೋವರ್ ಮತ್ತು ಕ್ಯಾಲೆ ಪಟ್ಟಣಗಳ ಬಳಿ ಅದು ತೀರ ಕಿರಿದು. ಅಲ್ಲಿ ಅದರ ಅಗಲ 33 ಕಿ.ಮೀ.ಗಿಂತ ಸ್ವಲ್ಪವೇ ಹೆಚ್ಚು. ಕಿರಿದಾದರೂ ಗಾಳಿ, ಮಂಜು, ಅಲೆಗಳಿಂದ ಅದು ಪ್ರಯಾಣಿಕರನ್ನು ಬಹುವಾಗಿ ಕಾಡುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಿಂದ ರೈಲಿನಲ್ಲಿ ಕಡಲ ತೀರಕ್ಕೆ ಬಂದು, ಹಡಗನ್ನೇರಿ, ಆಚೆಯ ದಡದಲ್ಲಿ ಮತ್ತೆ ರೈಲನ್ನು ಹಿಡಿದು ಪ್ಯಾರಿಸ್ಸನ್ನು ಸೇರಲು ಏಳು ಗಂಟೆಯ ಆಸುಪಾಸು ಬೇಕಾಗುತ್ತಿತ್ತು.

ಈ ಕಡಲ್ಗಾಲುವೆಯನ್ನು ಆಕಾಶಮಾರ್ಗವಾಗಿ ದಾಟಿದವರಲ್ಲಿ ಮೊದಲಿಗರು ಫ್ರಾನ್ಸಿನ ಬ್ಲಾಂಷಾರ್ ಮತ್ತು ಅಮೆರಿಕದ ವೈದ್ಯ ಜೆಫ್ರೀಸ್. 1785ರ ಜನವರಿ 7ರಂದು ಅವರು ಬಲೂನಿನಲ್ಲಿ ಡೋವರಿನಿಂದ ಹೊರಟರು. ದಾರಿಯಲ್ಲಿ ಬಲೂನು ಕೆಳಗಿಳಿಯತೊಡಗಿತು. ಭಾರವನ್ನು ಕಡಿಮೆ ಮಾಡಲು ಒಂದೊಂದೇ ಸಾಮಾನನ್ನು ಕಡಲಿಗೆಸೆದರು. ಕಡೆಗೆ ಮೈಮೇಲಿನ ಬಟ್ಟೆಗಳಲ್ಲಿ ಬಹುಪಾಲನ್ನೂ ಕಳಚಿ ಎಸೆದರು. ಹೊರಟ ಸುಮಾರು ಎರಡೂವರೆ ಗಂಟೆಗಳ ನಂತರ, ಚಳಿಗಾಲದ ಆ ಮಧ್ಯಾಹ್ನ, ನಡುಗುತ್ತ ಫ್ರಾನ್ಸಿನ ಒಂದು ಕಾಡಿನಲ್ಲಿ ಇಳಿದರು.

ಯಂತ್ರದ ಬಲದಿಂದ ಹಾರುವ ವಿಮಾನದಲ್ಲಿ ಈ ಸಾಹಸವನ್ನು ಮಾಡಿದವನು ಲೂಯಿ ಬ್ಲೇರಿಯೊ. ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದವರಿಗೆ ಲಂಡನ್ನಿನ ಒಂದು ಪತ್ರಿಕೆಯು ಸಾವಿರ ಪೌಂಡುಗಳ ಬಹುಮಾನವನ್ನು ಸಾರಿತ್ತು. 1909ರ ಜುಲೈ 25ರ ಮುಂಜಾನೆ ಬ್ಲೇರಿಯೊ ಕ್ಯಾಲೆಯ ಬಳಿಯಿಂದ ಹೊರಟನು. ಹಿಂದಿನ ಒಂದು ಅಪಘಾತದಲ್ಲಿ ಅವನ ಕಾಲು ಸುಟ್ಟಿತ್ತು. ಊರುಗೋಲಿನ ನೆರವಿಲ್ಲದೆ ನಡೆಯಲಾರದ ಸ್ಥಿತಿಯಲ್ಲಿದ್ದನು. ಅವನಲ್ಲಿ ದಿಕ್ಸೂಚಿಯೂ ಇರಲಿಲ್ಲ. ನಡುಗಡಲಿನಲ್ಲಿ ಸುಮಾರು ಹತ್ತು ನಿಮಿಷಗಳ ಕಾಲ ಹಿಂದೆ ಫ್ರಾನ್ಸೂ ಕಾಣದು, ಮುಂದೆ ಇಂಗ್ಲೆಂಡೂ ಕಾಣದು. ಆದರೂ ಸುಮಾರು 37 ನಿಮಿಷಗಳಲ್ಲಿ ಅವನು ಡೋವರ್ ಕೋಟೆಯ ಹತ್ತಿರದ ಇಳಿಜಾರಿನ ಮೇಲೆ, ವಿಮಾನದ ಗಾಲಿಗಳು ಮುರಿಯುವಂತೆ, ಅಪ್ಪಳಿಸಿ ಇಳಿದನು.

ಅದು ದಡದಿಂದ ದಡಕ್ಕೆ ಮಾಡಿದ ಹಾರಾಟ. ನಗರದಿಂದ ನಗರಕ್ಕೆ ಹಾರುವುದು ಇನ್ನೂ ಕಷ್ಟವಾಗಿತ್ತು. 1910ರ ಆಗಸ್ಟಿನಲ್ಲಿ ಜಾನ್ ಮಾಯ್ಸಂಟ್ ಎಂಬ ಅಮೆರಿಕನ್ನನು ತನ್ನ ಯಂತ್ರಕುಶಲಿಯನ್ನೂ ಒಂದು ಬೆಕ್ಕಿನ ಮರಿಯನ್ನೂ ಕೂರಿಸಿಕೊಂಡು ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟನು. ಕಡಲನ್ನೇನೋ ಮರುದಿನವೇ ದಾಟಿದನು. ಆದರೆ ಇಂಗ್ಲೆಂಡಿನ ನೆಲದ ಮೇಲೆ ಯಂತ್ರವು ಮತ್ತೆ ಮತ್ತೆ ಕೆಟ್ಟು, ಲಂಡನ್ನನ್ನು ಸೇರುವ ಹೊತ್ತಿಗೆ ಒಟ್ಟು ಮೂರು ವಾರಗಳು ಕಳೆದಿದ್ದವು. ಪ್ರತಿದಿನವೂ ನಡೆದಿದ್ದರೆ ಕಾಲ್ನಡಿಗೆಯವನೇ ಅವನಿಗಿಂತ ಮೊದಲು ತಲಪುತ್ತಿದ್ದನೋ ಏನೋ! ಮರುವರ್ಷವೇ, ಎಂದರೆ 1911ರ ಏಪ್ರಿಲ್ 12ರಂದು, ಪಿಯೆರ್ ಪ್ರಿಯೆ ಎಂಬ ಫ್ರೆಂಚ್ ವೈಮಾನಿಕನು ಲಂಡನ್ನಿನಿಂದ ಪ್ಯಾರಿಸ್ಸಿಗೆ ಎಲ್ಲಿಯೂ ಇಳಿಯದೆ ನಾಲ್ಕು ಗಂಟೆಗಿಂತ ಸ್ವಲ್ಪ ಕಡಿಮೆ ಅವಧಿಯಲ್ಲಿ ಹಾರಿದನು. ಮೂರು ವಾರವು ನಾಲ್ಕು ಗಂಟೆಯಾಯಿತು.

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಯುದ್ಧಕ್ಕಾಗಿ ಕಟ್ಟಿದ ವಿಮಾನಗಳೂ ಅವುಗಳನ್ನು ನಡೆಸಬಲ್ಲ ಯುವಕರೂ ಕೆಲಸವಿಲ್ಲದೆ ಉಳಿದರು. 1919ರ ಆಗಸ್ಟ್ 25ರಂದು ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋ ಬಯಲಿನಿಂದ ಪ್ಯಾರಿಸ್ಸಿನ ಲ ಬೂರ್ಜೆಗೆ ಪ್ರತಿನಿತ್ಯದ ವಿಮಾನ ಸಂಚಾರವು ಪ್ರಾರಂಭವಾಯಿತು. ದೇಶದಿಂದ ದೇಶಕ್ಕೆ ದಿನವೂ ನಡೆಯುವ ಇಂಥ ಸಂಚಾರಕ್ಕೆ ಜಗತ್ತಿನಲ್ಲಿ ಇದೇ ನಾಂದಿ ಎನ್ನುವುದುಂಟು. ಆ ದಿನದ ಮೊದಲ ವಿಮಾನದಲ್ಲಿದ್ದ ಪ್ರಯಾಣಿಕನು ಒಬ್ಬನೇ, ಒಬ್ಬ ಪತ್ರಕರ್ತ. ಅವನ ಜೊತೆಗೆ ವೃತ್ತಪತ್ರಿಕೆಗಳು, ತೊಗಲು, ಹಾಲಿನ ಕೆನೆ, ಬೇಟೆಯ ಹಕ್ಕಿಗಳು ಸರಕಾಗಿ ಹೋದವು. ಪ್ರಯಾಣಿಕನಿಗೆ ಮುಚ್ಚಿದ ಪುಟ್ಟ ಕೋಣೆಯಿತ್ತು. ಚಾಲಕನು ಮಾತ್ರ ಗಾಳಿಗೂ ಚಳಿಗೂ ಮೈಯೊಡ್ಡಿ ತೆರೆದ ಗೂಡಿನಲ್ಲಿ ಕುಳಿತಿದ್ದನು. ಸುಮಾರು ಎರಡೂವರೆ ಗಂಟೆಯಲ್ಲಿ ಅವರು ಪ್ಯಾರಿಸ್ಸನ್ನು ತಲಪಿದರು.

ಆದರೆ ಈ ಎರಡೂವರೆ ಗಂಟೆಯು ದಿನದಿನಕ್ಕೂ ಬೇರೆಯಾಗುತ್ತಿತ್ತು. ಇದಕ್ಕೆ ಗಾಳಿಯೇ ಕಾರಣ. ಹೊಳೆಯಲ್ಲಿ ದೋಣಿಯನ್ನು ಹರಿವಿನ ಜೊತೆಗೆ ನಡೆಸುವುದಕ್ಕೂ ಹರಿವಿನ ಎದುರಿಗೆ ನಡೆಸುವುದಕ್ಕೂ ಇರುವ ವ್ಯತ್ಯಾಸವು ಇಲ್ಲಿಯೂ ಇದೆ. ಗಂಟೆಗೆ 160 ಕಿ.ಮೀ. ವೇಗದ ವಿಮಾನವೊಂದನ್ನು ತೆಗೆದುಕೊಳ್ಳೋಣ. ಗಾಳಿಯಿಲ್ಲದ ದಿನ ಅದು 344 ಕಿ.ಮೀ. ಹಾರಲು 2 ಗಂಟೆ 9 ನಿಮಿಷ ಸಾಕು. ಗಂಟೆಗೆ 50 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ ನೆಲದ ಮೇಲಿನ ಅದರ ವೇಗವು 110ಕ್ಕೆ ಇಳಿದು, ಪ್ರಯಾಣಕ್ಕೆ 3 ಗಂಟೆ 8 ನಿಮಿಷ ಬೇಕಾಗುತ್ತದೆ. ಅದೇ ಗಾಳಿಯು ಬೆನ್ನ ಹಿಂದಿನಿಂದ ಬೀಸಿದರೆ 1 ಗಂಟೆ 38 ನಿಮಿಷದಲ್ಲಿ ಪ್ರಯಾಣವು ಮುಗಿಯುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸಿಕೊಳ್ಳಬಹುದಲ್ಲವೆ ಎಂದು ನೀವು ಕೇಳಬಹುದು. ಕೂಡಿಸಿ ನೋಡಿ. ಗಾಳಿಯಿಲ್ಲದ ದಿನ ಹೋಗಿಬರಲು 4 ಗಂಟೆ 18 ನಿಮಿಷ. ಗಾಳಿಯ ದಿನ 4 ಗಂಟೆ 46 ನಿಮಿಷ. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವು ಎಂದಿಗೂ ಪೂರ್ತಿಯಾಗಿ ತುಂಬಿಬರದು. ಇಂದಿನ ಜೆಟ್ ವಿಮಾನಕ್ಕೆ ಅದೇ ಗಾಳಿಯಿಂದಾಗುವ ವ್ಯತ್ಯಾಸವು ಇಷ್ಟು ಕಡಿಮೆ ದೂರದಲ್ಲಿ ಒಂದೆರಡು ನಿಮಿಷ ಮಾತ್ರ.

ಗಾಳಿಗಿಂತಲೂ ಘೋರವಾದ ವೈರಿಯೆಂದರೆ ಮಂಜು. ಆ ಕಾಲದ ಚಾಲಕರು ನೆಲದ ಮೇಲಿನ ರಸ್ತೆ, ರೈಲುದಾರಿ, ನದಿಗಳನ್ನು ನೋಡಿಕೊಂಡು ಅವುಗಳ ಮೇಲೆಯೇ ಹಾರುತ್ತಿದ್ದರು. ಮಂಜು ಕವಿದಾಗ ರಸ್ತೆಯು ಕಣ್ಣಿಗೆ ತಪ್ಪದಿರಲೆಂದು ತೀರ ಕೆಳಗಿಳಿಯುತ್ತಿದ್ದರು. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ದಿ ಪ್ರಾಂತದಲ್ಲಿ ಹೀಗೆಯೇ ಒಂದು ವಿಮಾನವು ಲಂಡನ್ನಿನ ಕಡೆಯಿಂದ ಅಂಚೆಯನ್ನು ಹೊತ್ತು ಬರುತ್ತಿತ್ತು. ಮತ್ತೊಂದು ಪ್ಯಾರಿಸ್ಸಿನ ಕಡೆಯಿಂದ ಪ್ರಯಾಣಿಕರನ್ನು ಹೊತ್ತು ಹೋಗುತ್ತಿತ್ತು. ಎರಡೂ ಚಾಲಕರು ನೆಲದ ಗುರುತುಗಳನ್ನು ನೆಚ್ಚಿಕೊಂಡು ಒಂದೇ ದಾರಿಯಲ್ಲಿ ಎದುರುಬದುರಾಗಿ ಬಂದರು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣುವ ಹೊತ್ತಿಗೆ ಕಾಲ ಮೀರಿತ್ತು. ಎರಡು ವಿಮಾನಗಳಲ್ಲಿದ್ದ ಏಳು ಮಂದಿಯೂ ಸತ್ತರು. ಸಂಚಾರದ ವಿಮಾನಗಳೆರಡು ಆಕಾಶದಲ್ಲಿ ಡಿಕ್ಕಿ ಹೊಡೆದದ್ದು ಅದೇ ಮೊದಲು.

ವಿಶಾಲವಾದ ಆಕಾಶದಲ್ಲಿ ಎರಡು ವಿಮಾನಗಳು ಎದುರಾಗಲಾರವೆಂಬ ನಂಬಿಕೆಯು ಆ ದಿನ ಮುರಿದುಬಿತ್ತು. ವಿಮಾನ ಸಂಸ್ಥೆಗಳವರು ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ ಸೇರಿ, ಎದುರಾಗುವ ವಿಮಾನಗಳು ತಮ್ಮ ತಮ್ಮ ಬಲಕ್ಕೆ ಸರಿದು ಹಾರಬೇಕೆಂದು ತೀರ್ಮಾನಿಸಿದರು. ಗೊತ್ತಾದ ವಾಯುಮಾರ್ಗಗಳು, ನಿಸ್ತಂತು ಸಂದೇಶಗಳು, ನೆಲದಿಂದ ವಿಮಾನಗಳನ್ನು ನಿಯಂತ್ರಿಸುವ ವ್ಯವಸ್ಥೆ ಕ್ರಮವಾಗಿ ಬೆಳೆದವು. ಅಪಾಯದಲ್ಲಿರುವ ವಿಮಾನವು ಇಂದಿಗೂ ಕೂಗುವ ‘ಮೇಡೇ’ ಎಂಬ ಪದವು ಹುಟ್ಟಿದ್ದೂ ಈ ದಾರಿಯಲ್ಲಿಯೇ. 1920ರ ದಶಕದ ಮೊದಲ ವರ್ಷಗಳಲ್ಲಿ ಕ್ರಾಯ್ಡನ್ ನಿಲ್ದಾಣದ ನಿಸ್ತಂತು ಅಧಿಕಾರಿಯಾಗಿದ್ದ ಫ್ರೆಡರಿಕ್ ಮಾಕ್‌ಫರ್ಡ್ ಅದನ್ನು ಸೂಚಿಸಿದನು. ಅಲ್ಲಿಗೆ ಬರುವ ವಿಮಾನಗಳಲ್ಲಿ ಬಹಳಷ್ಟು ಪ್ಯಾರಿಸ್ಸಿನವು. ಆದ್ದರಿಂದ ಇಂಗ್ಲಿಷರಿಗೂ ಫ್ರೆಂಚರಿಗೂ ಒಮ್ಮೆಗೇ ತಿಳಿಯುವಂತಹ ಪದವು ಬೇಕಾಗಿತ್ತು. ‘ನನಗೆ ನೆರವಾಗಿ’ ಎಂಬ ಅರ್ಥದ ಫ್ರೆಂಚ್ ನುಡಿಯ ಉಚ್ಚಾರವೇ ಅದಕ್ಕೆ ಮೂಲ.

ಅನಂತರ ವೇಗವು ಹೆಚ್ಚುತ್ತ ಹೋಯಿತು. 1950ರ ಜುಲೈನಲ್ಲಿ ಟರ್ಬೈನ್ ಯಂತ್ರದಿಂದ ನಡೆಯುವ ವೈಕೌಂಟ್ ಎಂಬ ವಿಮಾನವು ಪ್ರಯಾಣಿಕರನ್ನು ಹೊತ್ತು ಮೊದಲು ಹಾರಿದ್ದು ಈ ದಾರಿಯಲ್ಲಿಯೇ. ಅದಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು. ಅನಂತರ ಜೆಟ್ ವಿಮಾನಗಳು ಬಂದವು. ಅವುಗಳ ವೇಗವು ವೈಕೌಂಟಿನದಕ್ಕಿಂತ ಬಹಳ ಹೆಚ್ಚು. ಆದರೆ ಪ್ರಯಾಣದ ಹೊತ್ತು ಆ ಪ್ರಮಾಣದಲ್ಲಿ ಕಡಿಮೆಯಾಗಲಿಲ್ಲ. ಏಕೆ?

ಇಂದಿನ ಒಂದು ವಿಮಾನವನ್ನು ಮನಸ್ಸಿನಲ್ಲಿಯೇ ಹಿಂಬಾಲಿಸಿ. ಲಂಡನ್ನಿನ ಹೀತ್ರೂ ನಿಲ್ದಾಣದಲ್ಲಿ ಗಾಲಿಗೆ ಒಡ್ಡಿದ ತಡೆಗಳನ್ನು ತೆಗೆದ ಕ್ಷಣದಿಂದ ವೇಳಾಪಟ್ಟಿಯ ಗಡಿಯಾರವು ನಡೆಯತೊಡಗುತ್ತದೆ. ವಿಮಾನವು ಮೇಲಕ್ಕೇಳುವ ಕ್ಷಣದಿಂದಲ್ಲ. ಹೀತ್ರೂವಿನಲ್ಲಿರುವುದು ಎರಡೇ ರನ್‌ವೇಗಳು. ವಿಮಾನಗಳು ಒಂದರ ಹಿಂದೊಂದು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯಬೇಕು. ಮುಂದಿನ ವಿಮಾನವು ಎಬ್ಬಿಸಿದ ಗಾಳಿಯ ಸುಳಿಯು ಅಡಗುವ ತನಕ ಹಿಂದಿನದು ಏರುವಂತಿಲ್ಲ. ಏರುವಾಗ ಗಾಳಿಗೆದುರಾಗಿ ಏರಬೇಕು. ಅಲ್ಲಿ ಹೆಚ್ಚಾಗಿ ಪಡುವಣ ಗಾಳಿ ಬೀಸುವುದರಿಂದ ಆಗ್ನೇಯದಲ್ಲಿರುವ ಪ್ಯಾರಿಸ್ಸಿಗೆ ಹೋಗುವ ವಿಮಾನವೂ ಅನೇಕ ದಿನಗಳಲ್ಲಿ ಮೊದಲು ಪಶ್ಚಿಮಕ್ಕೆ ಓಡಿ, ಮೇಲೆದ್ದ ಬಳಿಕವೇ ತಿರುಗಬೇಕಾಗುತ್ತದೆ. ಆಮೇಲೆ ಅದು ದಾರದಂತೆ ನೇರವಾಗಿ ಹೋಗದೆ ನಿಯಂತ್ರಕರು ಗೊತ್ತುಮಾಡಿದ ವಾಯುಮಾರ್ಗವನ್ನು ಹಿಡಿಯುತ್ತದೆ. ಇದರಿಂದ ಹತ್ತಾರು ಕಿಲೋಮೀಟರುಗಳು ಹೆಚ್ಚಾಗುತ್ತವೆ. ಏರುವಾಗಲೂ ಇಳಿಯುವಾಗಲೂ ವೇಗವು ಕಡಿಮೆ. ಇಷ್ಟು ಚಿಕ್ಕ ಪ್ರಯಾಣದಲ್ಲಿ ಏರಿ ಮುಗಿಯುವ ಹೊತ್ತಿಗೆ ಇಳಿಯುವ ಕಾಲವು ಸಮೀಪಿಸಿರುತ್ತದೆ. ಗಂಟೆಗೆ 830 ಕಿ.ಮೀ. ವೇಗದಲ್ಲಿ ಸಾಗುವುದು ಕೆಲವೇ ನಿಮಿಷ. ಲಂಡನ್ನಿಗೆ ಬರುವ ವಿಮಾನಗಳ ಪಾಡು ಒಮ್ಮೊಮ್ಮೆ ಇನ್ನೂ ಕಷ್ಟ. ದಟ್ಟಣೆಯಿದ್ದರೆ ಅವು ನಗರದ ಹೊರಗೆ ಒಂದರ ಮೇಲೊಂದು ಬೇರೆ ಬೇರೆ ಎತ್ತರಗಳಲ್ಲಿ ಸುತ್ತು ಹಾಕುತ್ತ ಅಪ್ಪಣೆಗೆ ಕಾಯುತ್ತವೆ. ಇದೆಲ್ಲವನ್ನೂ ಸೇರಿಸಿ ಗಾಳಿಯಲ್ಲಿರುವ ಹೊತ್ತು ಮುಕ್ಕಾಲು ಗಂಟೆಯಿಂದ ಒಂದು ಗಂಟೆ; ಗಾಲಿಯ ತಡೆಯನ್ನು ತೆಗೆದಂದಿನಿಂದ ಮತ್ತೆ ಒಡ್ಡುವ ತನಕ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಇಲ್ಲಿ ಸಲ್ಲುವ ಪ್ರತಿಯೊಂದು ನಿಮಿಷವೂ ವ್ಯರ್ಥವಲ್ಲ. ಅದರಲ್ಲಿ ಬಹುಪಾಲು 1922ರ ಮಂಜಿನಲ್ಲಿ ನಡೆದುದು ಮರುಕಳಿಸದಿರಲೆಂದು ತೆರುವ ಬೆಲೆ.

ಇನ್ನು ಪಟ್ಟಿಯ ಒಗಟು ಉಳಿಯಿತು. ಹೋಗುವಾಗ 2 ಗಂಟೆ 20 ನಿಮಿಷ, ಬರುವಾಗ 20 ನಿಮಿಷ ಎಂದಿತ್ತಷ್ಟೆ. ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ ಸೇರುವ ವೇಳೆಯನ್ನು ಸೇರುವ ಊರಿನ ಗಡಿಯಾರದಂತೆಯೂ ಬರೆಯುವುದು ವಾಡಿಕೆ. ಪ್ಯಾರಿಸ್ಸಿನ ಗಡಿಯಾರವು ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದಿದೆ. ಆದ್ದರಿಂದ ಹೋಗುವಾಗಿನ ಲೆಕ್ಕದಿಂದ ಒಂದು ಗಂಟೆಯನ್ನು ಕಳೆಯಬೇಕು, ಬರುವಾಗಿನ ಲೆಕ್ಕಕ್ಕೆ ಒಂದು ಗಂಟೆಯನ್ನು ಕೂಡಿಸಬೇಕು. ಎರಡೂ ಕಡೆ ಒಂದು ಗಂಟೆ ಇಪ್ಪತ್ತು ನಿಮಿಷವೇ ಬರುತ್ತದೆ. ಭಾರತದಲ್ಲಿ ಗುಜರಾತಿನಿಂದ ಅರುಣಾಚಲದವರೆಗೆ ಒಂದೇ ವೇಳೆಯಿರುವುದರಿಂದ ನಮ್ಮ ದೇಶದೊಳಗೆ ಹಾರುವವರಿಗೆ ಈ ತೊಡಕಿಲ್ಲ.

ಆದರೆ ಈ ಒಂದು ಗಂಟೆಯು ಸೂರ್ಯನು ಕೊಟ್ಟದ್ದಲ್ಲ ಎಂಬುದು ಸ್ವಾರಸ್ಯದ ಸಂಗತಿ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಪ್ಯಾರಿಸ್ಸು ಗ್ರೀನಿಚ್‌ನಿಂದ ಪೂರ್ವಕ್ಕೆ ಎರಡು ಡಿಗ್ರಿ ಇಪ್ಪತ್ತು ಮಿನಿಟಿನಷ್ಟು ದೂರದಲ್ಲಿದೆ. ಎಂದರೆ ಸೂರ್ಯನ ಲೆಕ್ಕದಲ್ಲಿ ಪ್ಯಾರಿಸ್ಸು ಮುಂದಿರಬೇಕಾದದ್ದು 9 ನಿಮಿಷ 21 ಸೆಕೆಂಡು ಮಾತ್ರ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳ ಪ್ರತಿನಿಧಿಗಳು ಗ್ರೀನಿಚ್ಚಿನ ರೇಖಾಂಶವನ್ನು ಮೂಲರೇಖೆಯಾಗಿ ಒಪ್ಪಿದಾಗ ಫ್ರಾನ್ಸು ಮತ ಹಾಕದೆ ತಟಸ್ಥವಾಗಿ ಉಳಿದಿತ್ತು. 1911ರಲ್ಲಿ ಕಡೆಗೆ ಅದನ್ನು ಅನುಸರಿಸಬೇಕಾಗಿ ಬಂತು. ಆಗಲೂ ಅವರ ಕಾನೂನಿನಲ್ಲಿ ಗ್ರೀನಿಚ್ಚಿನ ಹೆಸರಿಲ್ಲ. ‘ಪ್ಯಾರಿಸ್ಸಿನ ವೇಳೆಯಿಂದ 9 ನಿಮಿಷ 21 ಸೆಕೆಂಡು ಕಳೆದದ್ದು’ ಎಂಬರ್ಥದ ಮಾತುಗಳನ್ನು ಬಳಸಿದ್ದರು! 1940ರಲ್ಲಿ ಜರ್ಮನ್ ಸೈನ್ಯವು ಪ್ಯಾರಿಸ್ಸನ್ನು ಆಕ್ರಮಿಸಿ ಅಲ್ಲಿಯ ಗಡಿಯಾರಗಳನ್ನು ಬರ್ಲಿನ್ನಿನ ವೇಳೆಗೆ ತಿರುಗಿಸಿತು. ಯುದ್ಧವು ಮುಗಿಯಿತು, ಸೈನ್ಯವು ಹೋಯಿತು. ಫ್ರಾನ್ಸು ಮಾತ್ರ ಮತ್ತೆ ಗ್ರೀನಿಚ್ಚಿನ ವೇಳೆಗೆ ಸ್ಥಿರವಾಗಿ ಮರಳಲಿಲ್ಲ. ಲಂಡನ್ನಿನ ವಿಮಾನದಿಂದಿಳಿದವರು ಕೈಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರ ಹಿಂದೆ ಈ ಕಥೆಯಿದೆ.

ಇಷ್ಟಾದರೂ ಪ್ರಯಾಣಿಕನ ಹೊತ್ತಿನ ಲೆಕ್ಕವು ಮುಗಿಯಲಿಲ್ಲ. ಅವನು ಹೊರಡುವುದು ನಿಲ್ದಾಣದಿಂದಲ್ಲ, ಮನೆಯಿಂದ. ಹೀತ್ರೂ ಇರುವುದು ಲಂಡನ್ನಿನ ನಡುಭಾಗದಿಂದ ಇಪ್ಪತ್ತು ಕಿ.ಮೀ.ಗಿಂತ ಹೆಚ್ಚು ದೂರದಲ್ಲಿ. 1974ರಲ್ಲಿ ತೆರೆದ ಷಾರ್ಲ್ ದ ಗಾಲ್ ನಿಲ್ದಾಣವೂ ಪ್ಯಾರಿಸ್ಸಿನ ನಡುಭಾಗಕ್ಕೆ ಅಷ್ಟೇ ದೂರ. ನಿಲ್ದಾಣಕ್ಕೆ ಹೋಗುವುದು, ಮುಂಚಿತವಾಗಿ ಬಂದು ತಪಾಸಣೆಗೆ ನಿಲ್ಲುವುದು, ಇಳಿದ ಮೇಲೆ ಪೆಟ್ಟಿಗೆಗೆ ಕಾಯುವುದು, ಮತ್ತೆ ನಗರಕ್ಕೆ ಬರುವುದು ಇವೆಲ್ಲ ಸೇರಿದರೆ ಒಟ್ಟು ಐದು ಗಂಟೆಗೆ ಹತ್ತಿರವಾಗುತ್ತದೆ. ಇಪ್ಪತ್ತೈದು ನಿಮಿಷದ ಲೆಕ್ಕ ಎಲ್ಲಿ, ಐದು ಗಂಟೆ ಎಲ್ಲಿ!

ರೈಲು ಮತ್ತೆ ಗೆದ್ದದ್ದು ಇಲ್ಲಿಯೇ. ಕಡಲ್ಗಾಲುವೆಯ ತಳದ ಕೆಳಗೆ ಕೊರೆದ 50 ಕಿ.ಮೀ. ಉದ್ದದ ಸುರಂಗವನ್ನು 1994ರ ಮೇ 6ರಂದು ಇಂಗ್ಲೆಂಡಿನ ರಾಣಿಯೂ ಫ್ರಾನ್ಸಿನ ಅಧ್ಯಕ್ಷರೂ ಕೂಡಿ ತೆರೆದರು. ಆ ವರ್ಷದ ನವೆಂಬರಿನಲ್ಲಿ ಯೂರೋಸ್ಟಾರ್ ರೈಲು ಓಡತೊಡಗಿತು. ಮೊದಮೊದಲು ಅದಕ್ಕೆ ಮೂರು ಗಂಟೆ ಬೇಕಾಗುತ್ತಿತ್ತು. 2007ರಲ್ಲಿ ಇಂಗ್ಲೆಂಡಿನ ಕಡೆಯ ವೇಗದ ಹಳಿಗಳು ಪೂರ್ಣಗೊಂಡ ಮೇಲೆ ಅದು 2 ಗಂಟೆ 20 ನಿಮಿಷದ ಆಸುಪಾಸಿಗೆ ಇಳಿಯಿತು. ಹಳಿಯ ದಾರಿ 492 ಕಿ.ಮೀ. ಉದ್ದ, ವಿಮಾನದ ನೇರದಾರಿಗಿಂತ ಬಹಳ ಹೆಚ್ಚು. ಅದರ ಅತಿ ಹೆಚ್ಚಿನ ವೇಗವು ಗಂಟೆಗೆ 300 ಕಿ.ಮೀ., ಜೆಟ್ಟಿನ ವೇಗದ ಅರ್ಧಕ್ಕಿಂತಲೂ ಕಡಿಮೆ. ಆದರೆ ಅದು ಹೊರಡುವುದೂ ನಿಲ್ಲುವುದೂ ನಗರದ ಒಳಗೆ. ತಪಾಸಣೆಗಾಗಿ ಒಂದು ಗಂಟೆಗಿಂತ ಹೆಚ್ಚು ಮುಂಚಿತವಾಗಿ ಬಂದರೂ ರೈಲಿನ ಪ್ರಯಾಣಿಕನೇ ಸಾಮಾನ್ಯವಾಗಿ ಮೊದಲು ಮನೆ ಸೇರುತ್ತಾನೆ. ವಿದ್ಯುತ್ತಿನಿಂದ ನಡೆಯುವ ಈ ರೈಲು ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ಅನಿಲವು ವಿಮಾನಕ್ಕಿಂತ ಎಷ್ಟೋ ಪಾಲು ಕಡಿಮೆಯೆಂಬುದೂ ಸಣ್ಣ ಮಾತಲ್ಲ.

ಫ್ರಾನ್ಸು 2023ರಲ್ಲಿ, ತನ್ನ ದೇಶದೊಳಗೆ ಎರಡೂವರೆ ಗಂಟೆಯೊಳಗಿನ ರೈಲು ಪ್ರಯಾಣದ ಅನುಕೂಲವಿರುವ ಕೆಲವು ಊರುಗಳ ನಡುವೆ ವಿಮಾನ ಸಂಚಾರವನ್ನು ನಿಷೇಧಿಸಿತು. ಲಂಡನ್ನು ಬೇರೆ ದೇಶದ್ದಾದುದರಿಂದ ಆ ನಿಯಮವು ಈ ದಾರಿಗೆ ತಗಲುವುದಿಲ್ಲ. ವಿಮಾನಗಳು ಇಂದೂ ಹಾರುತ್ತಿವೆ. ಅವುಗಳಲ್ಲಿ ಕುಳಿತಿರುವ ಅನೇಕರು ಪ್ಯಾರಿಸ್ಸಿಗೆಂದು ಹೊರಟವರೇ ಅಲ್ಲ. ಅವರು ಅಲ್ಲಿ ಇಳಿದು ಆಫ್ರಿಕಕ್ಕೋ ದಕ್ಷಿಣ ಅಮೆರಿಕಕ್ಕೋ ಹೋಗುವ ಮತ್ತೊಂದು ವಿಮಾನವನ್ನು ಹಿಡಿಯಬೇಕಾದವರು. ಅವರ ಪೆಟ್ಟಿಗೆಗಳು ಒಂದು ವಿಮಾನದ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ನೇರವಾಗಿ ಹೋಗುತ್ತವೆ. ಅಂಥವರು ನಗರದ ಬೀದಿಗೆ ಕಾಲಿಡುವುದೇ ಇಲ್ಲ. ಮುಂದಿನ ವಿಮಾನವು ಹೊರಡಲು ಇನ್ನೆಷ್ಟು ನಿಮಿಷಗಳು ಉಳಿದಿವೆ ಎಂದು ಫಲಕವನ್ನು ನೋಡುತ್ತ ನಿಲ್ದಾಣದೊಳಗೇ ಕಾಯುತ್ತಾರೆ.